ಜಂತುಹುಳುವಿನ ಔಷಧ ಕುಡಿಸಿದ್ದರೂ ಕುರಿಯ ಗದ್ದದಡಿ ಊತ, ಏನಿರಬಹುದು?

ಪ್ರಶ್ನೆ:
ನಮಸ್ಕಾರ. ಮನೆ ಹತ್ತಿರವೇ ಸಣ್ಣ ಹಿಂಡು ಸಾಕಿದ್ದೇನೆ. ಈಚೆಗೆ ಮರಿ ಹಾಕಿದ ಒಂದು ಕುರಿ ಮೇಯಲು ಹೋದಾಗ ಹಿಂದೆ ಉಳಿಯುತ್ತಿದೆ. ಸಂಜೆ ಹೊತ್ತಿಗೆ ಗದ್ದದ ಕೆಳಗೆ ಮೆತ್ತಗೆ ಊದಿಕೊಳ್ಳುತ್ತದೆ, ಬೆಳಿಗ್ಗೆ ಇಳಿದಿರುತ್ತದೆ. ಭೇದಿ ಇಲ್ಲ, ಹಿಕ್ಕೆ ಗಟ್ಟಿಯಾಗಿಯೇ ಇದೆ. ಕಳೆದ ತಿಂಗಳಷ್ಟೇ ಎಲ್ಲಕ್ಕೂ ಆಲ್ಬೆಂಡಜೋಲ್ ಕುಡಿಸಿದ್ದೆ, ಹಾಗಾಗಿ ಹುಳು ಇರಲಾರದು. ಮುಳ್ಳು ಚುಚ್ಚಿ ಕೀವು ಕಟ್ಟಿರಬಹುದಾ?

ಉತ್ತರ 1:
ಕೀವಿನ ಗಂಟು ಹೀಗೆ ಸಂಜೆ ಏರಿ ಬೆಳಿಗ್ಗೆ ಇಳಿಯುವುದಿಲ್ಲ. ದಯವಿಟ್ಟು ಚುಚ್ಚಲು, ಕೊಯ್ಯಲು ಹೋಗಬೇಡಿ. ಹಗಲು ಬೆಳಕಿನಲ್ಲಿ ಕೆಳಗಿನ ರೆಪ್ಪೆ ಎಳೆದು ಒಳಬದಿಯ ಬಣ್ಣ ನೋಡಿ ಹೇಳಿ. ಆ ಕುರಿಯದ್ದು ಮಾತ್ರ ಅಲ್ಲ, ಎಲ್ಲದರದ್ದೂ.

ಪ್ರಶ್ನೆ ಕೇಳಿದವರು:
ನೋಡಿದೆ ಸರ್. ಆ ಕುರಿಯದ್ದು ಕಾಗದದಂತೆ ಬಿಳಿ. ಇನ್ನೊಂದರದ್ದು ತೆಳು ಗುಲಾಬಿ. ಉಳಿದವು ಕೆಂಪಗಿವೆ. ಅದೇ ಔಷಧ ಇನ್ನೊಮ್ಮೆ ಕುಡಿಸಲಾ?

ಉತ್ತರ 1:
ಬೇಡ. ಇವತ್ತೇ ಪಶುವೈದ್ಯರನ್ನು ಕರೆಸಿ. ಅಷ್ಟು ಬಿಳಿ ಅಂದರೆ ರಕ್ತ ತುಂಬಾ ಕಡಿಮೆಯಾಗಿದೆ. ಅದನ್ನು ಓಡಿಸಬೇಡಿ, ದೂರ ಮೇಯಲು ಬಿಡಬೇಡಿ. ಈ ಸ್ಥಿತಿಯಲ್ಲಿ ಸ್ವಲ್ಪ ದಣಿದರೂ ಕುಸಿದು ಸಾಯಬಹುದು.

ನನಗೆ ಮೊದಲ ಅನುಮಾನ ಹಿಮಾಂಕಸ್ ಹುಳುವಿನ ಮೇಲೆ. ಇದು ಹೊಟ್ಟೆಯ ನಾಲ್ಕನೇ ಭಾಗದಲ್ಲಿ ಕೂತು ರಕ್ತ ಹೀರುತ್ತದೆ. ಒಂದೊಂದು ಹುಳು ದಿನಕ್ಕೆ ಸುಮಾರು 0.05 ಮಿಲಿ. ಅಂಥ ಸಾವಿರ ಹುಳುಗಳಿದ್ದರೆ ದಿನಕ್ಕೆ 50 ಮಿಲಿ ರಕ್ತ ಹೋಯಿತು. ರಕ್ತದ ಜೊತೆ ಪ್ರೋಟೀನೂ ಹೋಗುವುದರಿಂದ ನೀರು ನಾಳದಿಂದ ಹೊರಗೆ ಜಿನುಗುತ್ತದೆ. ದಿನವಿಡೀ ತಲೆ ಬಗ್ಗಿಸಿ ಮೇಯುವಾಗ ಅದು ಗದ್ದದಡಿ ಸೇರುತ್ತದೆ. ಈ ಹುಳುವಿಗೆ ಭೇದಿ ಸಾಮಾನ್ಯವಾಗಿ ಆಗುವುದಿಲ್ಲ. ಅದಕ್ಕೇ ಎಷ್ಟೋ ಜನ ತಡವಾಗಿ ಗಮನಿಸುತ್ತಾರೆ. ಮರಿ ಹಾಕಿದ ಆಸುಪಾಸಿನಲ್ಲಿ ತಾಯಿಗೆ ತಡೆಯುವ ಶಕ್ತಿಯೂ ಕುಗ್ಗಿರುತ್ತದೆ.

ಹಾಗಾದರೆ ಔಷಧ ಯಾಕೆ ಕೆಲಸ ಮಾಡಲಿಲ್ಲ? ತೂಕಕ್ಕೆ ಪ್ರಮಾಣ ಸಾಲದೇ ಇರಬಹುದು, ಆಮೇಲೆ ಹೊಸದಾಗಿ ಹುಳು ಹತ್ತಿರಬಹುದು. ಆದರೆ ಆಲ್ಬೆಂಡಜೋಲ್‌ಗೆ ಬಗ್ಗದ ಹುಳುಗಳು ಈಗ ಬಹಳ ಕಡೆ ಇವೆ. ಅದಕ್ಕೆ ಬೇರೆ ಗುಂಪಿನ ಔಷಧದ ಬಗ್ಗೆ ವೈದ್ಯರನ್ನು ಕೇಳಿ. ಲೆವಮಿಸೋಲ್, ಕ್ಲೋಸಾಂಟೆಲ್ ಬೇರೆ ಗುಂಪಿನವು. ಕ್ಲೋಸಾಂಟೆಲ್ ಜಾಸ್ತಿಯಾದರೆ ಕಣ್ಣೇ ಹೋಗಬಹುದು, ಅಂದಾಜಿನ ಮೇಲೆ ಕೊಡಲೇಬೇಡಿ. ಕುರಿಯನ್ನು ತೂಗಿ. ಯಾವ ಔಷಧವಾದರೂ ನಾಲಿಗೆಯ ಹಿಂಭಾಗಕ್ಕೆ ನಿಧಾನವಾಗಿ ಬಿಡಿ.

ಔಷಧ ಕೊಡುವ ಮೊದಲು ಹಿಕ್ಕೆ ತೆಗೆದಿಟ್ಟು ಅದರಲ್ಲಿರುವ ಹುಳುವಿನ ಮೊಟ್ಟೆಗಳ ಎಣಿಕೆ ಮಾಡಿಸಿ, 10ರಿಂದ 14 ದಿನ ಬಿಟ್ಟು ಮತ್ತೆ ಮಾಡಿಸಿ. ಮೊಟ್ಟೆಗಳ ಸಂಖ್ಯೆ ಕನಿಷ್ಠ 95 ಶೇಕಡ ಇಳಿಯದಿದ್ದರೆ ಆ ಔಷಧ ನಿಮ್ಮ ಹಿಂಡಿನಲ್ಲಿ ಕೈಕೊಡುತ್ತಿದೆ ಎಂದರ್ಥ. ರೆಪ್ಪೆ ಕೆಂಪಗಿರುವ ದೊಡ್ಡ ಕುರಿಗಳಿಗೆ ಈಗ ಸುಮ್ನೆ ಕುಡಿಸಬೇಡಿ. ಎಲ್ಲಕ್ಕೂ ಕೊಟ್ಟರೆ ಔಷಧಕ್ಕೆ ಬಗ್ಗದ ಹುಳುಗಳಷ್ಟೇ ಉಳಿದು ಮರಿ ಮಾಡುತ್ತವೆ.

ಉತ್ತರ 2:
ಜವುಗು ಜಾಗದಲ್ಲಿ ಮೇಯುತ್ತವೆಯಾ? ಹಾಗಿದ್ದರೆ ಲಿವರ್ ಫ್ಲೂಕ್ ಎಂಬ ಯಕೃತ್ತಿನ ಹುಳುವಿಗೂ ಪರೀಕ್ಷೆ ಮಾಡಿಸಿ. ಬಸವನಹುಳುವಿನ ಮೂಲಕ ಹರಡುತ್ತದೆ, ಇದೇ ರೀತಿ ಊತ ಬರುತ್ತದೆ. ಇನ್ನೊಂದು ಮಾತು, ರಕ್ತ ಕಡಿಮೆ ಅಂತ ದನದ ಖನಿಜ ಮಿಶ್ರಣ ತಿನ್ನಿಸಬೇಡಿ. ಅದರಲ್ಲಿರುವ ತಾಮ್ರ ಕುರಿಗೆ ವಿಷವಾಗಬಹುದು.

ಪ್ರಶ್ನೆ ಕೇಳಿದವರು:
ಜವುಗು ಇಲ್ಲ, ಆದರೆ ಹುಲ್ಲು ತೀರಾ ಗಿಡ್ಡವಾಗಿದೆ. ಮರಿಯನ್ನು ತಾಯಿ ಜೊತೆ ಬಿಡಬಹುದಾ?

ಉತ್ತರ 1:
ಬಿಡಬಹುದು. ಆದರೆ ಹಾಲು ಕಡಿಮೆ ಇರುತ್ತದೆ. ಮರಿಯ ಹೊಟ್ಟೆ ಮುಟ್ಟಿ ನೋಡಿ, ಖಾಲಿ ಅನಿಸಿದರೆ ಬಾಟಲಿಯಲ್ಲಿ ಹಾಲು ಕೊಡಿ. ತಾಯಿಗೆ ಒಳ್ಳೆಯ ಮೇವಿನ ಜೊತೆ ಹಿಂಡಿಯನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ. ಗಿಡ್ಡ ಹುಲ್ಲಿನಿಂದ ಹಿಂಡನ್ನು ಬೇರೆಡೆಗೆ ಕರೆದೊಯ್ಯಿರಿ. ಹುಳುವಿನ ಮರಿಗಳು ಹೆಚ್ಚಾಗಿ ಹುಲ್ಲಿನ ಮೇಲೆ, ನೆಲದಿಂದ 5 ಸೆಂಟಿಮೀಟರ್ ಎತ್ತರದೊಳಗೇ ಇರುತ್ತವೆ. ತೆಳು ಗುಲಾಬಿ ರೆಪ್ಪೆಯ ಕುರಿಯನ್ನೂ ವೈದ್ಯರಿಗೆ ಮರೆಯದೆ ತೋರಿಸಿ.