ತರಗೆಲೆಯಡಿ ಸಿಕ್ಕ ಈ ‘ಇರುವೆ’ ಯಾವ ಕುಟುಂಬದ ಜೇಡ?

ಪ್ರಶ್ನೆ: ತರಗೆಲೆ ಸರಿಸಿದಾಗ ಕಪ್ಪಿರುವೆ ಅಂದುಕೊಂಡು ಸುಮ್ಮನಿದ್ದೆ. ಕಾಲು ಎಣಿಸಿದರೆ ಎಂಟು! ಸುಮಾರು 7 ಮಿ.ಮೀ. ಉದ್ದ, ಹೊಟ್ಟೆಯ ಮೇಲೆ ಎರಡು ಬಿಳಿ ಪಟ್ಟೆ. ಮುಂಗಾಲು ಎತ್ತಿ ಆಡಿಸುತ್ತಾ ಓಡುತ್ತಿತ್ತು. ಫೋಟೊ ನೋಡಿ ಒಬ್ಬರು ಮಿರ್ಮರಾಕ್ನೆ ಕುಲ ಅಂದರು, ಇನ್ನೊಬ್ಬರು ಜೊಡಾರಿಡೆ ಕುಟುಂಬ ಅಂದರು. ಯಾವುದು ಸರಿ ಸರ್?

ಉತ್ತರ: ಎರಡೂ ಅಲ್ಲ ಅನಿಸುತ್ತೆ. ಮೊದಲು ‘ಇರುವೆ ಥರ ಇದೆ’ ಅನ್ನೋದನ್ನ ಪಕ್ಕಕ್ಕಿಡಿ. ಈ ವೇಷ ಹಲವು ಕುಟುಂಬಗಳಲ್ಲಿ ಬೇರೆ ಬೇರೆಯಾಗಿಯೇ ಹುಟ್ಟಿಕೊಂಡಿದೆ. ಅದನ್ನು ನಂಬಿ ನಂಟು ಹುಡುಕಿದರೆ ದಾರಿ ತಪ್ಪುತ್ತದೆ.

ಮುಖ ನೋಡಿ. ಮಿರ್ಮರಾಕ್ನೆ ನೆಗೆಯುವ ಜೇಡ. ಅದರ ಮುಂದಿನ ಎರಡು ಕಣ್ಣು ಕಾರಿನ ಹೆಡ್‌ಲೈಟ್‌ನಷ್ಟು ಎದ್ದು ಕಾಣುತ್ತವೆ. ನಿಮ್ಮದರಲ್ಲಿ ಎಂಟೂ ಪುಟ್ಟ ಕಣ್ಣು, ಹೆಚ್ಚುಕಮ್ಮಿ ಒಂದೇ ಗಾತ್ರ, ಎರಡು ಸಾಲು. ಇದು ಕೊರಿನ್ನಿಡೆ ಕುಟುಂಬ, ಬಹುಶಃ ಕ್ಯಾಸ್ಟಿಯಾನೈರಾ ಕುಲ. ಆ ಬಿಳಿ ಪಟ್ಟೆ ಬರೀ ಕೂದಲು. ದುಂಡು ಹೊಟ್ಟೆಯನ್ನು ಕಣ್ಣಿಗೆ ತುಂಡು ಮಾಡಿ ತೋರಿಸುತ್ತದೆ, ಇರುವೆಯ ಸೊಂಟದ ಭ್ರಮೆ ಬರುತ್ತದೆ. ಎತ್ತಿದ ಮುಂಗಾಲು ಇರುವೆಯ ಮೀಸೆಯ ನಕಲು.

ಜೊಡಾರಿಡೆ ಅನ್ನೋ ಅನುಮಾನ ತೀರಿಸಲು ಹಿಂಬದಿ ನೋಡಬೇಕು. ಅವುಗಳಲ್ಲಿ ನೂಲು ಬಿಡುವ ಮುಂದಿನ ಜೋಡಿ ಕೊಳವೆ ಉದ್ದ, ಉಳಿದವು ತೀರಾ ಚಿಕ್ಕವು. ಕೊರಿನ್ನಿಡೆಯಲ್ಲಿ ಮುಂದಿನ ಜೋಡಿ ಶಂಕುವಿನಂತೆ ಮೊನಚು, ಒಂದಕ್ಕೊಂದು ಅಂಟಿಕೊಂಡಿರುತ್ತವೆ.

ಪ್ರಶ್ನೆ: ನನ್ನ ಹಳೇ ಪುಸ್ತಕದಲ್ಲಿ ಇದು ಕ್ಲೂಬಿಯೊನಿಡೆ ಕುಟುಂಬ ಅಂತ ಇದೆಯಲ್ಲ? ಇದು ಇರುವೆ ತಿನ್ನುತ್ತದಾ?

ಉತ್ತರ: ಪುಸ್ತಕದ್ದೇನೂ ತಪ್ಪಲ್ಲ, ಆಗ ಹಾಗೇ ಇತ್ತು. ಕ್ಲೂಬಿಯೊನಿಡೆ ಒಂದು ದೊಡ್ಡ ಚೀಲ, ಎಲ್ಲವನ್ನೂ ಅದಕ್ಕೇ ತುಂಬುತ್ತಿದ್ದರು. ಕೊರಿನ್ನಿಡೆ ಆಮೇಲೆ ಬೇರೆಯಾಯಿತು. 2014ರಲ್ಲಿ ಅದರಿಂದಲೂ ಟ್ರಾಕೆಲಿಡೆ, ಫ್ರೂರೊಲಿಥಿಡೆ ಎರಡನ್ನು ಪ್ರತ್ಯೇಕ ಕುಟುಂಬ ಮಾಡಿದರು. ಪುಸ್ತಕದ ಇಸವಿ ನೋಡಿ ಓದಿ.

ಇರುವೆ ತಿನ್ನುವುದಕ್ಕೆ ಹೆಸರಾದದ್ದು ಜೊಡಾರಿಡೆಯ ಜೊಡಾರಿಯನ್ ಕುಲ. ನಿಮ್ಮ ಜೇಡದ ವೇಷ ಮುಖ್ಯವಾಗಿ ಜೀವ ಉಳಿಸಿಕೊಳ್ಳಲು. ಇರುವೆಯ ತಂಟೆಗೆ ಹೋಗುವವರು ಕಮ್ಮಿ ಅಲ್ವಾ?

ಜಾತಿಯ ಹೆಸರು ಮಾತ್ರ ಫೋಟೊದಿಂದ ಕೇಳಬೇಡಿ. ಬಲಿತ ಜೇಡವೇ ಬೇಕು. ಹೆಣ್ಣಾದರೆ ಹೊಟ್ಟೆಯಡಿಯ ಜನನಾಂಗ, ಗಂಡಾದರೆ ಮುಖದ ಪಕ್ಕದ ಪಾಲ್ಪ್ (ಪುಟ್ಟ ಕಾಲಿನಂಥ ಅಂಗ) ಅನ್ನು ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಮರಿಯಾದರೆ ನಾನೂ ಕೈಚೆಲ್ಲುತ್ತೇನೆ. ಹಿಂಬದಿಯ ಫೋಟೊ ಇದೆಯಾ?

ಪ್ರಶ್ನೆ: ಇಲ್ಲ ಸರ್, ಅಷ್ಟರಲ್ಲಿ ಎಲೆಯಡಿ ನುಗ್ಗಿಬಿಟ್ಟಿತು. ನಿಜವಾದ ಇರುವೆಗಳೂ ಅಲ್ಲೇ ಇದ್ದವು, ಮತ್ತೆ ಗುರುತು ಸಿಗಲಿಲ್ಲ.