50 ಮೀಟರಿನಲ್ಲಿ ಗುಂಡುಗಳು ಮೇಲೆ-ಕೆಳಗೆ ಚದುರುತ್ತಿವೆ: ಹಳೆಯ ಬ್ರನೋ .22ಕ್ಕೆ ಏನಾಗಿದೆ?

ಕಾಪು_ಕೋವಿ:
ಮಾನ್ಯರೇ, ಅಜ್ಜನಿಂದ ಬಂದು ಈಗ ನನ್ನ ಪರವಾನಗಿಯಲ್ಲಿರುವ ಬ್ರನೋ ಮಾಡೆಲ್ 2 ಎಂಬ .22 ಕೋವಿ ನನ್ನ ತಾಳ್ಮೆಗೆಡಿಸಿದೆ. ಮೊದಲು 50 ಮೀಟರಿನಲ್ಲಿ ಎರಡು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬೀಳುತ್ತಿದ್ದ ಗುಂಡುಗಳು ಈಗ ಐದು ಸೆಂಟಿಮೀಟರ್ ಉದ್ದಕ್ಕೆ ಮೇಲೆ-ಕೆಳಗೆ ಚದುರುತ್ತಿವೆ. ಅಡ್ಡಕ್ಕೆ ಹರಡುವುದು ಕಡಿಮೆ. ನಳಿಗೆಯನ್ನು ಎಷ್ಟು ತಿಕ್ಕಿದರೂ ಪ್ರಯೋಜನವಾಗಲಿಲ್ಲ. ದಯವಿಟ್ಟು ಪರಿಹಾರ ತಿಳಿಸಿ.

ಮರಗೆಲಸ_ಉಡುಪಿ:
ಇದು ಮರದ ಹಿಡಿಯ ದೋಷವೆಂಬುದರಲ್ಲಿ ನನಗೆ ಸಂದೇಹವಿಲ್ಲ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಹಳೆಯ ಮರ ತೇವ ಹೀರಿ ಉಬ್ಬಿ ನಳಿಗೆಗೆ ಒತ್ತುತ್ತದೆ; ನಳಿಗೆ ಬಿಸಿಯಾದಂತೆ ಆ ಒತ್ತಡ ಬದಲಾಗಿ ಗುಂಡು ಮೇಲಕ್ಕೆ ಸರಿಯುತ್ತದೆ. ನಳಿಗೆಗೂ ಮರಕ್ಕೂ ನಡುವೆ ಹತ್ತು ರೂಪಾಯಿಯ ನೋಟು ತೂರಿಸಿ ನೋಡಿ. ಸಿಕ್ಕಿಕೊಂಡ ಕಡೆ ನಯವಾಗಿ ಉಜ್ಜಿ, ಅಗಸೆ ಎಣ್ಣೆ ಹಚ್ಚಿ.

ಬೋಳಾರ_50ಮೀ:
ಈ ಹವೆಯಲ್ಲಿ ಅಗಸೆ ಎಣ್ಣೆ ಸಾಲದು, ತೇವವನ್ನು ಅದು ಪೂರ್ತಿ ತಡೆಯುವುದಿಲ್ಲ. ಮರದ ಒಳಮೈಗೂ ವಾರ್ನಿಷ್ ಬೇಕು. ನನ್ನ ಆನ್‌ಶುಟ್ಜ್ 54 ಕೋವಿಯನ್ನು ತೇವ ಹೀರುವ ಸಿಲಿಕಾ ಜೆಲ್ ಇಟ್ಟ ಮುಚ್ಚಿದ ಕಪಾಟಿನಲ್ಲಿ ಇರಿಸಿದ್ದೇನೆ. ಆಷಾಢದಲ್ಲೂ ಅದರ ಗುರಿ ಕದಲಿದ್ದಿಲ್ಲ.

ಮರಗೆಲಸ_ಉಡುಪಿ:
ಹಳೆಯ ಕೋವಿಗೆ ವಾರ್ನಿಷ್ ಬಳಿದರೆ ಮೂಲ ಮೆರುಗು ಹೋಗಿ ಸಂಗ್ರಹದ ಬೆಲೆಯೇ ಕುಸಿಯುತ್ತದೆ. ಈ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ.

ಕಾಪು_ಕೋವಿ:
ನೋಟು ಸಲೀಸಾಗಿ ಜಾರುತ್ತದೆ. ಮೊದಲ ಗುಂಡಿನಿಂದಲೇ ಚದುರುತ್ತದೆ, ಬಿಸಿಯಾದ ಮೇಲಲ್ಲ.

ಹಿರಿಯ_ಗುರಿಕಾರ:
ಹಾಗಿದ್ದರೆ ಮರವನ್ನು ಸದ್ಯಕ್ಕೆ ಮುಟ್ಟಬೇಡಿ. ಯಾವ ತೋಟೆ, ಯಾವಾಗಿನಿಂದ ಹೀಗಾಗಿದೆ, ನಡುವೆ ಕೋವಿ ಎಲ್ಲಿತ್ತು ಎಂಬುದನ್ನು ತಾವು ಬರೆದೇ ಇಲ್ಲ. .22 ತೋಟೆಯಲ್ಲಿ ಕಿಡಿಮದ್ದು ಇರುವುದು ಅಂಚಿನ ಒಳಗೆ. ಟ್ರಿಗರ್ ಒತ್ತಿದಾಗ ಆ ಅಂಚಿಗೆ ಬಡಿಯುವ ಪಿನ್ನಿನ ಪೆಟ್ಟು ಹದವಾಗಿ ಬೀಳದಿದ್ದರೆ ಮದ್ದು ಒಂದೊಂದು ಸಲ ಒಂದೊಂದು ರೀತಿ ಹತ್ತಿಕೊಂಡು ಗುಂಡಿನ ವೇಗ ಏರುಪೇರಾಗುತ್ತದೆ. ಸೆಕೆಂಡಿಗೆ ಸುಮಾರು 320 ಮೀಟರ್ ವೇಗದ ಗುಂಡಿನಲ್ಲಿ 10 ಮೀಟರ್ ವ್ಯತ್ಯಾಸವಾದರೂ 50 ಮೀಟರಿನಲ್ಲಿ ಅದು ಮುಕ್ಕಾಲು ಸೆಂಟಿಮೀಟರಿನಷ್ಟು ಮೇಲೆ-ಕೆಳಗಾಗುತ್ತದೆ, ಅಡ್ಡಕ್ಕೆ ಅಲ್ಲ. ಹಾರಿದ ತೋಟೆಯ ಖಾಲಿ ಚಿಪ್ಪುಗಳನ್ನು ಬೆಳಕಿಗೆ ಹಿಡಿದು ಅಂಚಿನ ಗುರುತನ್ನು ನೋಡಿ ತಿಳಿಸಿ.

ಕಾಪು_ಕೋವಿ:
ತೋಟೆ ಮೊದಲಿನದೇ, ಸ್ಟ್ಯಾಂಡರ್ಡ್ ವೇಗದ 40 ಗ್ರೇನ್ (ಸುಮಾರು 2.6 ಗ್ರಾಂ) ಸೀಸದ ಗುಂಡಿನದು. ಚುನಾವಣೆಯ ಸಮಯದಲ್ಲಿ ಕೋವಿಯನ್ನು ಠೇವಣಿ ಇಟ್ಟಿದ್ದೆ. ತುಕ್ಕು ಹಿಡಿಯದಿರಲೆಂದು ಬೋಲ್ಟಿಗೂ (ನಳಿಗೆಯನ್ನು ಹಿಂದಿನಿಂದ ಮುಚ್ಚುವ, ಪಿನ್ನು ಒಳಗಿರುವ ಭಾಗ) ಗ್ರೀಸ್ ತುಂಬಿದ್ದೆ. ಚಿಪ್ಪುಗಳನ್ನು ಸಾಲಾಗಿ ಇಟ್ಟು ನೋಡಿದಾಗ ಕೆಲವದರಲ್ಲಿ ಗುರುತು ಆಳವಾಗಿ ಚೌಕಾಕಾರದಲ್ಲಿದೆ, ಕೆಲವದರಲ್ಲಿ ಉಗುರು ತಾಗಿದಷ್ಟೇ ಇದೆ.

ಹಿರಿಯ_ಗುರಿಕಾರ:
ಕಾರಣ ಆ ಗ್ರೀಸೇ ಇರಬೇಕು. ಅದು ಗಟ್ಟಿಯಾಗಿ ಪಿನ್ನಿನ ಓಟಕ್ಕೆ ತಡೆಯಾಗಿದೆ. ಕೋವಿಯಲ್ಲಿ ತೋಟೆಯಿಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಟ್ರಿಗರ್ ಒತ್ತಿ ಹಿಡಿದು ಬೋಲ್ಟನ್ನು ಹಿಂದಕ್ಕೆ ಎಳೆದು ಹೊರತೆಗೆಯಿರಿ. ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಪೂರ್ತಿ ಒಣಗಿಸಿ, ತೆಳುವಾದ ಎಣ್ಣೆಯ ಪಸೆ ಮಾತ್ರ ಉಳಿಸಿ. ಆ ಮೇಲೂ ಗುರುತು ತೆಳುವಾಗಿಯೇ ಇದ್ದರೆ ಸ್ಪ್ರಿಂಗ್ ಸೋತಿದೆ ಎಂದರ್ಥ. ಅದನ್ನು ಪರವಾನಗಿ ಪಡೆದ ದುರಸ್ತಿಗಾರರಿಂದಲೇ ಬದಲಿಸಿಕೊಳ್ಳಿ. ಇನ್ನೊಂದು ಮಾತು: ನಳಿಗೆಯನ್ನು ಬಾಯಿಯ, ಅಂದರೆ ಗುಂಡು ಹೊರಬರುವ ತುದಿಯ, ಕಡೆಯಿಂದ ತಿಕ್ಕುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ತಿಕ್ಕುವ ಸರಳು ಆ ತುದಿಯ ಅಂಚನ್ನು ಸವೆಸಿದರೆ ಹೋದ ಗುರಿ ತೊಳೆಯುವುದರಿಂದ ಮರಳಿ ಬರುವುದಿಲ್ಲ.

ಮರಗೆಲಸ_ಉಡುಪಿ:
ಬೋಲ್ಟ್ ತೊಳೆಯುವುದಕ್ಕೆ ನನ್ನ ಅಡ್ಡಿಯಿಲ್ಲ. ಆದರೂ ಮರದ ತಿರುಪುಗಳ ಬಿಗಿಯನ್ನೂ ನೋಡಿ.

ಕಾಪು_ಕೋವಿ:
ಬೋಲ್ಟಿನೊಳಗಿಂದ ಜೇನುಮೇಣದಂತಹ ಕಂದು ಮುದ್ದೆ ಹೊರಬಂತು. ತೊಳೆದ ಮೇಲೆ ಚಿಪ್ಪುಗಳ ಗುರುತು ಎಲ್ಲದರಲ್ಲೂ ಒಂದೇ ಆಳಕ್ಕೆ ಬಂದಿದೆ. ಚದುರುವಿಕೆ ಮೂರು ಸೆಂಟಿಮೀಟರಿಗೆ ಇಳಿದಿದೆ. ಸ್ಪ್ರಿಂಗನ್ನೂ ಒಮ್ಮೆ ತೋರಿಸುತ್ತೇನೆ. ಮಾಡೆಲ್ 2ಕ್ಕೆ ಹೊಂದುವ ಸ್ಪ್ರಿಂಗ್ ಮಂಗಳೂರಿನ ಆಸುಪಾಸಿನಲ್ಲಿ ಯಾರಿಗಾದರೂ ಸಿಕ್ಕಿದ್ದಿದೆಯೇ?