ಬೆಳ್ಳಿಹಬ್ಬದ ಪಟ್ಟಿಯಲ್ಲಿ ನಾಲ್ಕು ಹೆಸರು: ಅವರ ಮನೆಯವರನ್ನು ಕರೆಯಬಹುದಾ?

ಶಿವಾಲಿಕ್ 94

ಎಲ್ಲರಿಗೂ ನಮಸ್ಕಾರ. ನಾನು ನವೋದಯದಲ್ಲಿ ಓದಿದವನು. 1994ರಲ್ಲಿ ಆರನೇ ಕ್ಲಾಸಿಗೆ ಎಂಬತ್ತು ಮಕ್ಕಳು ಸೇರಿದ್ದೆವು. 2001ರಲ್ಲಿ ಹನ್ನೆರಡನೇ ಕ್ಲಾಸು ಮುಗಿಸಿದೆವು. ಈಗ ಇಪ್ಪತ್ತೈದು ವರ್ಷ. ಡಿಸೆಂಬರಿನಲ್ಲಿ ಶಾಲೆಯಲ್ಲೇ ಎಲ್ಲರೂ ಸೇರೋಣ ಅಂತ ಮಾತಾಗಿದೆ. ಹೆಸರಿನ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಹಳೇ ಹಾಜರಿ ಕೂಗುತ್ತಿದ್ದ ಕ್ರಮದಲ್ಲೇ ಬರೆಯುತ್ತಾ ಹೋದೆ. ನಾಲ್ಕು ಕಡೆ ಕೈ ನಿಂತಿತು.

ಒಬ್ಬಳು ಮೊದಲ ಹೆರಿಗೆಯಲ್ಲಿ ಹೋದಳು. ಒಬ್ಬ ಬೈಕ್ ಅಪಘಾತದಲ್ಲಿ. ಇನ್ನೊಬ್ಬ ಇಂಜಿನಿಯರಿಂಗ್ ಓದುವಾಗ. ಇವರೆಲ್ಲ ಶಾಲೆ ಬಿಟ್ಟ ಮೇಲೆ ಹೋದವರು. ಆದರೆ ನನ್ನ ಪಕ್ಕದ ಮಂಚದವನು ಶಾಲೆಯಲ್ಲಿ ಇದ್ದಾಗಲೇ ಹೋದ. 1997ರ ಬೇಸಿಗೆ ರಜೆಯಲ್ಲಿ, ಊರಲ್ಲಿ, ಹಾವು ಕಚ್ಚಿ. ಎಂಟನೇ ಕ್ಲಾಸು ಮುಗಿದಿತ್ತು ಅಷ್ಟೇ. ಮನೆಯವರನ್ನು ಕೇಳದೆ ಹೆಸರು ಹಾಕುವುದು ಸರಿಯಲ್ಲ. ಹಾಸ್ಟೆಲಿನಲ್ಲಿ ನಾವು ಅವನನ್ನು ಪೇಂಟರ್ ಅಂತಿದ್ದೆವು, ಇಲ್ಲೂ ಹಾಗೇ ಕರೆಯುತ್ತೇನೆ.

ಹಾಸ್ಟೆಲಿನಲ್ಲಿ ಇದ್ದವರಿಗೆ ಟ್ರಂಕ್ ಅಂದರೆ ಏನು ಅಂತ ಗೊತ್ತಿರುತ್ತದೆ. ನಮ್ಮದು ಅಂತ ಇದ್ದದ್ದು ಅದೊಂದೇ. ಎಲ್ಲವೂ ಒಂದೇ ಥರದ ತಗಡಿನ ಟ್ರಂಕು, ಹಾಗಾಗಿ ಹೆಸರು ಬರೆಸಬೇಕಿತ್ತು. ಇವನು ಮನೆಯಿಂದ ಒಂದು ಸಣ್ಣ ಡಬ್ಬಿ ಬಿಳಿ ಪೇಂಟ್ ತಂದಿದ್ದ. ಮೊದಲು ಸ್ಕೇಲಿಟ್ಟು ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆಯುತ್ತಿದ್ದ. ಆಮೇಲೆ ಉಸಿರು ಬಿಗಿಹಿಡಿದು ಅಕ್ಷರ ಬರೆಯುತ್ತಿದ್ದ. ಒತ್ತಕ್ಷರ ಕೆಳಗಿನ ಗೆರೆ ದಾಟಿದರೆ ಒರೆಸಿ ಮತ್ತೆ ಬರೆಯೋನು. ಹೆಸರು, ಕ್ಲಾಸು, ಶಿವಾಲಿಕ್ ಹೌಸ್. ಹನ್ನೊಂದು ವರ್ಷದ ಹುಡುಗ, ನಮ್ಮ ಡಾರ್ಮಿಟರಿಯ ಅಷ್ಟೂ ಟ್ರಂಕಿಗೆ ಬರೆದ.

ರಜೆ ಮುಗಿಸಿ ಬಂದಾಗ ಅವನ ಮಂಚದ ಮೇಲೆ ಹಾಸಿಗೆ ಸುತ್ತಿಟ್ಟದ್ದು ಹಾಗೇ ಇತ್ತು. ಲೇಟಾಗಿ ಬರ್ತಾನೆ ಅಂದುಕೊಂಡೆವು. ಮಾರನೇ ದಿನ ಪ್ರಾರ್ಥನೆ ಮುಗಿದ ಮೇಲೆ ವಿಷಯ ಹೇಳಿದರು. ಎರಡು ನಿಮಿಷ ಮೌನ, ಆ ದಿನ ಶಾಲೆಗೆ ರಜೆ. ಅಷ್ಟೇ. ಆಮೇಲೆ ಯಾರೂ ಅವನ ಬಗ್ಗೆ ನಮ್ಮ ಹತ್ತಿರ ಮಾತಾಡಲಿಲ್ಲ, ನಾವೂ ನಮ್ಮನಮ್ಮಲ್ಲಿ ಮಾತಾಡಲಿಲ್ಲ. ಆಗ ಕಾಲವೇ ಹಾಗಿತ್ತು ಅಂತ ಈಗ ಅನಿಸುತ್ತದೆ. ಆದರೆ ಹದಿಮೂರು ವರ್ಷದ ನಮಗೆ ಅದು ಬಹಳ ಕಷ್ಟವಾಗಿತ್ತು. ರಾತ್ರಿ ಆ ಕಡೆ ಮುಖ ಮಾಡಿ ಮಲಗೋಕೆ ಆಗುತ್ತಿರಲಿಲ್ಲ.

ಒಂದು ವಾರ ಬಿಟ್ಟು ಅವರಪ್ಪ ಟ್ರಂಕ್ ತಗೊಂಡು ಹೋಗೋಕೆ ಬಂದರು. ಬೀಗದ ಕೈ ಸಿಗಲಿಲ್ಲ, ಕಲ್ಲಲ್ಲಿ ಕುಟ್ಟಿ ತೆಗೆದೆವು. ಒಳಗೆ ಜಾಮಿಟ್ರಿ ಬಾಕ್ಸು, ಅರ್ಧ ಸವೆದ ಸೋಪು, ಆ ಪೇಂಟ್ ಡಬ್ಬಿ, ಕೂದಲು ಗಟ್ಟಿಯಾಗಿ ಅಂಟಿಕೊಂಡಿದ್ದ ಬ್ರಷ್ಷು. ಅವರು ಬ್ರಷ್ ಎತ್ತಿ, 'ಇದ್ಯಾರ್ದಪ್ಪ?' ಅಂದರು. ಅವನದ್ದೇ ಅಂದೆವು. ಮಗ ಹೀಗೆ ಬರೀತಿದ್ದ ಅನ್ನೋದೇ ಅವರಿಗೆ ಗೊತ್ತಿರಲಿಲ್ಲ. 'ಇವೆಲ್ಲ ಅವನೇ ಬರ್ದಿದ್ದಾ?' ಅಂತ ಕೇಳಿ, ಒಂದೊಂದೇ ಮಂಚದ ಹತ್ತಿರ ಹೋಗಿ ಕೂತು, ಟ್ರಂಕಿನ ಅಕ್ಷರಗಳ ಮೇಲೆ ಬೆರಳಾಡಿಸಿದರು. ಅವರಿಗೆ ಓದು ಬರುತ್ತಿರಲಿಲ್ಲ. ಒಂದು ಟ್ರಂಕನ್ನೂ ಬಿಡಲಿಲ್ಲ.

ನನ್ನ ಟ್ರಂಕ್ ಈಗಲೂ ಇದೆ. ನವೋದಯದಲ್ಲಿ ಕೆಲವು ಮಕ್ಕಳನ್ನು ಬೇರೆ ರಾಜ್ಯದ ನವೋದಯಕ್ಕೆ ಓದೋಕೆ ಕಳಿಸುತ್ತಾರೆ, ಅದಕ್ಕೆ ಮೈಗ್ರೇಷನ್ ಅಂತಾರೆ. ಒಂಬತ್ತನೇ ಕ್ಲಾಸಿನಲ್ಲಿ ಹಾಗೆ ಉತ್ತರ ಪ್ರದೇಶಕ್ಕೆ ಹೋದಾಗ ಅದನ್ನೇ ಒಯ್ದಿದ್ದೆ. ಅಲ್ಲಿನ ಹುಡುಗರು ಇದು ಯಾವ ಲಿಪಿ ಅಂತ ಕೇಳೋರು. ಈಗ ಅಟ್ಟದ ಮೇಲಿದೆ. ಮೂಲೆಗಳೆಲ್ಲ ತುಕ್ಕು ಹಿಡಿದಿವೆ, ಅಕ್ಷರ ಮಾತ್ರ ಓದೋಕೆ ಬರುತ್ತದೆ.

ನನ್ನ ಪ್ರಶ್ನೆ ಇಷ್ಟೇ. ಈ ನಾಲ್ವರ ಮನೆಯವರನ್ನು ಡಿಸೆಂಬರಿಗೆ ಕರೆಯಬಹುದಾ? ಪೇಂಟರ್‌ನ ಅಪ್ಪ ತೀರಿಕೊಂಡಿದ್ದಾರೆ, ಅಮ್ಮ ಊರಲ್ಲೇ ಇದ್ದಾರಂತೆ. ಗ್ರೂಪಿನಲ್ಲಿ ಕೆಲವರು 'ಬೇಡ, ಸುಮ್ನೆ ಹಳೇ ನೋವು ಕೆದಕಿದ ಹಾಗೆ ಆಗುತ್ತೆ' ಅಂದರು. ಅವರ ಮಾತಲ್ಲೂ ಸತ್ಯ ಇರಬಹುದು. ಯಾರಾದರೂ ಹೀಗೆ ಮಾಡಿದ್ದೀರಾ?

---

ತಂಗಿ ಹಾಸನ

ಅಣ್ಣಾ, ನಾನು ಆ ಕಡೆಯವಳು. ನಮ್ಮಣ್ಣ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಓದಿದವನು, ಹತ್ತೊಂಬತ್ತಕ್ಕೆ ಹೋದ. ಖಂಡಿತ ಕರೆಯಿರಿ. ಆದರೆ ಫೋನಿನಲ್ಲಿ ಕರೆಯಬೇಡಿ. ಮೊದಲು ಮನೆಗೆ ಹೋಗಿ.

ನಮ್ಮ ಮನೆಗೆ ಅಣ್ಣನ ಕ್ಲಾಸಿನ ಮೂವರು ಒಂದು ಯುಗಾದಿಗೆ ಹೇಳದೆ ಬಂದರು. ಬಾಗಿಲಲ್ಲಿ ಅವರನ್ನು ನೋಡಿ ಅಮ್ಮ ಒಳಗೆ ಹೋಗಿಬಿಟ್ಟರು. ನನಗೆ ಭಯ ಆಯಿತು. ಹತ್ತು ನಿಮಿಷ ಬಿಟ್ಟು ಒಬ್ಬಟ್ಟು ಹಾಕಿದ ತಟ್ಟೆ ಹಿಡಿದು ಬಂದರು. ಅಣ್ಣ ಹಾಸ್ಟೆಲಿನಲ್ಲಿ ಜ್ವರ ಬಂದವರಿಗೆ ಊಟದ ಮನೆಯಿಂದ ಗಂಜಿ ಕೇಳಿ ತಂದುಕೊಡುತ್ತಿದ್ದನಂತೆ. ಮನೆಯಲ್ಲಿ ಒಂದು ಲೋಟ ತೊಳೆದವನಲ್ಲ ಅವನು! ಅಮ್ಮ ಆ ಗಂಜಿ ವಿಷಯವನ್ನು ಇವತ್ತಿಗೂ ನೆಂಟರಿಗೆಲ್ಲ ಹೇಳುತ್ತಾರೆ. ಹನ್ನೊಂದು ವರ್ಷಕ್ಕೇ ಹಾಸ್ಟೆಲಿಗೆ ಕಳಿಸಿದ ಮಗ ಅಲ್ವಾ. ಅಲ್ಲಿ ಹೇಗಿದ್ದ ಅನ್ನೋದು ನಿಮಗೆ ಮಾತ್ರ ಗೊತ್ತು.

ಒಂದು ಕೇಳಿಕೊಳ್ತೀನಿ. ವೇದಿಕೆ ಮೇಲೆ ಕರೆದು, ಹಾರ ಹಾಕಿದ ಫೋಟೋ ಪಕ್ಕ ನಿಲ್ಲಿಸಬೇಡಿ. ನಿಮ್ಮ ಜೊತೆ ಊಟಕ್ಕೆ ಕೂರಿಸಿಕೊಳ್ಳಿ, ಸಾಕು.

---

ತಾಲ್ಲೂಕು ಡಾಕ್ಟರ್

ನಾನೂ ನವೋದಯದವನೇ, ಬೇರೆ ಜಿಲ್ಲೆ, ಉದಯಗಿರಿ ಹೌಸ್. ಹಾವು ಕಚ್ಚಿದ್ದು ರಾತ್ರಿ ಮಲಗಿದ್ದಾಗಲಾ? ಬೆಳಗಿನ ಜಾವ ಹೊಟ್ಟೆನೋವು ಅಂದಿದ್ದನಾ?

---

ಶಿವಾಲಿಕ್ 94

ಹೌದು ಡಾಕ್ಟ್ರೇ. ಚಾಪೆ ಹಾಸಿಕೊಂಡು ನೆಲದ ಮೇಲೆ ಮಲಗಿದ್ದನಂತೆ. ಬೆಳಿಗ್ಗೆ ಹೊಟ್ಟೆನೋವು, ವಾಂತಿ. ಆಮೇಲೆ ಕಣ್ಣು ಬಿಡೋಕೇ ಆಗಲಿಲ್ಲವಂತೆ. ಮಾವಿನಹಣ್ಣು ಜಾಸ್ತಿ ತಿಂದಿದ್ದಾನೆ ಅಂದುಕೊಂಡರು. ಮಧ್ಯಾಹ್ನ ಚಾಪೆ ಎತ್ತಿದಾಗ ಗೋಡೆ ಬದಿಗೆ ಹಾವಿತ್ತು. ಅಷ್ಟು ಹೊತ್ತಿಗೆ ಎಲ್ಲ ಮುಗಿದಿತ್ತು.

---

ತಾಲ್ಲೂಕು ಡಾಕ್ಟರ್

ಹಾಗಾದರೆ ಅದು ಕಟ್ಟುಹಾವೇ ಇರಬೇಕು. ಅದರ ಹಲ್ಲು ತುಂಬಾ ಚಿಕ್ಕದು. ಕಚ್ಚಿದ ಕಡೆ ಊತ ಇರಲ್ಲ, ನೋವೂ ಅಷ್ಟಾಗಿ ಇರಲ್ಲ, ಎಷ್ಟೋ ಸಲ ಗುರುತೇ ಕಾಣಲ್ಲ. ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗದಿರಬಹುದು. ಹೊಟ್ಟೆನೋವಿಂದ ಶುರುವಾಗಿ, ರೆಪ್ಪೆ ಜೋತುಬಿದ್ದು, ನುಂಗೋಕೆ ಆಗದೆ, ಕೊನೆಗೆ ಉಸಿರಾಡುವ ಸ್ನಾಯುಗಳೇ ನಿಂತುಹೋಗುತ್ತವೆ. ಹಾವನ್ನು ಕಣ್ಣಾರೆ ನೋಡದಿದ್ದರೆ ಡಾಕ್ಟರಿಗೂ ಮೊದಲು ಗೊತ್ತಾಗದೇ ಹೋಗಬಹುದು.

ನೀವು ಆ ತಾಯಿಯನ್ನು ಕಾಣುವುದಾದರೆ ಇದನ್ನು ಹೇಳಿ. ನಾನು ನೋಡಿದ ಇಂಥ ಮನೆಗಳಲ್ಲೆಲ್ಲ ಯಾರೋ ಒಬ್ಬರು 'ನನ್ನಿಂದ ಆಯ್ತು' ಅಂತ ಒಳಗೇ ಕೊರಗುತ್ತಿರುತ್ತಾರೆ.

ಇನ್ನೊಂದು. 2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ವಿಷ ಇಳಿಸುವ ಇಂಜೆಕ್ಷನ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಒಂದೇ. ಜೊತೆಗೆ ಹೊತ್ತಿಗೆ ಸರಿಯಾಗಿ ಕೃತಕ ಉಸಿರಾಟ ಕೊಟ್ಟರೆ ಮಕ್ಕಳು ಬದುಕುತ್ತಾರೆ, ನನ್ನ ಕೈಯಲ್ಲೇ ಬದುಕಿದ್ದಾರೆ. ಡಿಸೆಂಬರಿನಲ್ಲಿ ಆ ಶಾಲೆಯ ಮಕ್ಕಳಿಗೆ ಅರ್ಧ ಗಂಟೆ ಇದನ್ನು ಹೇಳೋಕೆ ಅವಕಾಶ ಕೊಟ್ಟರೆ ನಾನು ಬರುತ್ತೇನೆ. ಮಂಚ, ಸೊಳ್ಳೆಪರದೆ, ಟಾರ್ಚು, 108. ಮಂತ್ರ ಹಾಕಿಸೋಕೆ ಹೋಗಿ ಹೊತ್ತು ಕಳೆಯಬಾರದು. ರಜೆಗೆ ಊರಿಗೆ ಹೋಗುವ ಮಕ್ಕಳಿಗೆ ಇದು ಬೇಕೇಬೇಕು.

---

ಸೈನಿಕ ಶಾಲೆಯ ಹಳಬ

ಮೂವರು ಹೇಗೆ ಹೋದರು ಅಂತ ಬರೆದಿದ್ದೀರಿ. ಇಂಜಿನಿಯರಿಂಗ್ ಓದುತ್ತಿದ್ದವನದ್ದು ಮಾತ್ರ ಬರೆದಿಲ್ಲ. ನನ್ನ ಊಹೆ ತಪ್ಪಿದ್ದರೆ ಕ್ಷಮಿಸಿ.

ನನ್ನ ಗೆಳೆಯನೂ ತಾನಾಗಿಯೇ ಹೋದವನು. ನಮ್ಮಲ್ಲಿ ಯುದ್ಧದಲ್ಲಿ ತೀರಿಕೊಂಡವರ ಹೆಸರು ಹೇಳುವಾಗ ಎಲ್ಲರೂ ಎದ್ದು ನಿಲ್ಲುತ್ತಾರೆ. ಇವನ ಹೆಸರು ಬಂದರೆ ಮಾತು ಬದಲಾಗುತ್ತದೆ. ಕೆಟ್ಟ ಮನಸ್ಸಿನಿಂದ ಯಾರೂ ಹಾಗೆ ಮಾಡಲ್ಲ, ಏನು ಹೇಳಬೇಕೋ ತಿಳಿಯಲ್ಲ ಅಷ್ಟೇ. ಆದರೆ ಅವನು ಕ್ರಾಸ್ ಕಂಟ್ರಿ ಓಟದಲ್ಲಿ ಹಿಂದೆ ಬಿದ್ದವರ ಜೊತೆ ಓಡೋಕೆ ಅಂತ ವಾಪಸ್ ಬರುತ್ತಿದ್ದ ಹುಡುಗ. ಹೇಗೆ ಸತ್ತ ಅನ್ನೋದೊಂದೇ ಉಳಿದು ಮಿಕ್ಕದ್ದೆಲ್ಲ ಅಳಿಸಿಹೋದರೆ ಅನ್ಯಾಯ. ನಾಲ್ಕೂ ಹೆಸರನ್ನು ಒಂದೇ ಉಸಿರಲ್ಲಿ ಹೇಳಿ. ನಾಲ್ಕನೆಯವನ ಮನೆಗೂ ಹೋಗಿ. ಇದನ್ನು ಓದುವವರಲ್ಲಿ ಯಾರಿಗಾದರೂ ಈಗ ಮನಸ್ಸು ಭಾರವಾಗಿದ್ದರೆ 14416ಕ್ಕೆ ಫೋನ್ ಮಾಡಿ, ಸರ್ಕಾರದ್ದು, ಉಚಿತ. ಕನ್ನಡದಲ್ಲೇ ಮಾತಾಡಬಹುದು.

---

ಶಿವಾಲಿಕ್ 94

ಮೂರು ವಾರ ಆಯಿತು. ಎಲ್ಲರಿಗೂ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ. ಸೈನಿಕ ಶಾಲೆಯ ಸರ್, ನಿಮ್ಮ ಊಹೆ ಸರಿ. ಬರೆಯೋಕೆ ಕೈ ಬರಲಿಲ್ಲ. ಅವನ ಮನೆಗೆ ಮುಂದಿನ ಭಾನುವಾರ ಇಬ್ಬರು ಹೋಗುತ್ತಿದ್ದೇವೆ.

ಪೇಂಟರ್‌ನ ಊರಿಗೆ ಹೋಗಿದ್ದೆ. ಟ್ರಂಕನ್ನೂ ಕಾರಿನಲ್ಲಿ ಹಾಕಿಕೊಂಡು ಹೋದೆ. ಅಮ್ಮ ಜಗಲಿ ಮೇಲೆ ಶೇಂಗಾ ಬಿಡಿಸುತ್ತಾ ಕೂತಿದ್ದರು. ಯಾರು ಅಂತ ಹೇಳಿದೆ. 'ಅವ್ನ ಜೊತೆಗಾರನಾ?' ಅಂದವರು ನನ್ನ ನರೆಗೂದಲು ನೋಡುತ್ತಲೇ ಇದ್ದರು. ಅವನಿದ್ದಿದ್ದರೆ ಇಷ್ಟು ವಯಸ್ಸಾಗಿರುತ್ತಿತ್ತು ಅಂತ ಲೆಕ್ಕ ಹಾಕುತ್ತಿದ್ದರೋ ಏನೋ.

ಸ್ವಲ್ಪ ಹೊತ್ತಾದ ಮೇಲೆ ತಾವಾಗಿಯೇ ಹೇಳಿದರು. 'ಹೊಟ್ಟೆನೋವು ಅಂದ. ಓಮಿನ ಕಾಳು ಕುದಿಸಿ ಕೊಟ್ಟು ಮಲಗಿಸ್ದೆ ಕಣಪ್ಪ. ಎದ್ದಿರು ಅನ್ಬೇಕಿತ್ತು.' ಇಪ್ಪತ್ತೊಂಬತ್ತು ವರ್ಷದಿಂದ ಈ ಮಾತು ಅವರ ಒಳಗಿತ್ತು. ಡಾಕ್ಟ್ರೇ, ನೀವು ಬರೆದದ್ದನ್ನು ನಿಧಾನಕ್ಕೆ ಹೇಳಿದೆ. ಡಾಕ್ಟರಿಗೂ ಗೊತ್ತಾಗಲ್ಲವಂತೆ ಅಮ್ಮಾ ಅಂದೆ. ಎರಡು ಸಲ ಹೇಳಿಸಿಕೊಂಡರು. ಏನೂ ಅನ್ನಲಿಲ್ಲ. ಒಂದು ಹಿಡಿ ಶೇಂಗಾ ನನ್ನ ಕೈಗೆ ಹಾಕಿದರು.

ಆಮೇಲೆ ಟ್ರಂಕ್ ಇಳಿಸಿದೆ. ಸೆರಗಿನಲ್ಲಿ ಧೂಳು ಒರೆಸಿ, ಮೊಮ್ಮಗಳನ್ನು ಕರೆದು ಓದಿಸಿದರು. ಹುಡುಗಿ ನನ್ನ ಹೆಸರು ಓದಿದಳು. 'ಇದ್ರಾಗೆ ನಿಮ್ ಮಾವನ ಹೆಸರಿನ ಅಕ್ಷರ ಐತೇನೇ?' ಅಂತ ಕೇಳಿದರು. ಅವಳು ಹುಡುಕಿ ಒಂದು ಅಕ್ಷರ ತೋರಿಸಿದಳು. ಅದರ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತಿದ್ದರು. ಟ್ರಂಕನ್ನು ಅಲ್ಲೇ ಬಿಟ್ಟು ಬಂದೆ.

ಡಿಸೆಂಬರಿಗೆ ಬರ್ತೀನಿ ಅಂದಿದ್ದಾರೆ, ಮೊಮ್ಮಗಳ ಜೊತೆ. ಬಸ್ಸಿನಲ್ಲಿ ಅವರಿಗೆ ತಲೆ ಸುತ್ತುತ್ತದಂತೆ. ನಮ್ಮ ಬ್ಯಾಚಿನವರು ಯಾರಾದರೂ ಚಳ್ಳಕೆರೆ ಕಡೆಯಿಂದ ಕಾರಿನಲ್ಲಿ ಬರುವವರಿದ್ದರೆ ಇಲ್ಲೇ ಹೇಳಿ. ಎರಡು ಸೀಟು ಬೇಕು.